ಸೂರ್ಯನ ಗೋತ್ರ

ರಥಸಪ್ತಮಿಯ ದಿವಸ ಬೆಳಿಗ್ಗೆ, ಬೆಳಗಾವಿಯ ಸದಾಶಿವನಗರದ ಒಂದು ಮನೆಯಲ್ಲಿ ಅಜ್ಜನಿಗೂ ಮೊಮ್ಮಗಳಿಗೂ ಒಂದು ಚಿಕ್ಕ ವಾದವು ನಡೆಯಿತು. ಅಜ್ಜನವರಿಗೆ ಎಂಬತ್ತರ ಸನಿಹದ ವಯಸ್ಸು. ಬಾಲ್ಯದಲ್ಲಿ ವೇದವನ್ನೂ ಅನಂತರ ಜ್ಯೋತಿಷವನ್ನೂ ಗುರುಮುಖದಿಂದ ಓದಿದವರು. ಪಂಚಾಂಗದ ಗಣಿತವನ್ನು ಇಂದಿಗೂ ಬೆರಳ ಮೇಲೆ ಮಾಡಬಲ್ಲವರು. ಮೊಮ್ಮಗಳು ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿ. ತಲೆ ಭುಜಗಳ ಮೇಲೆ ಎಕ್ಕದ ಎಲೆಗಳನ್ನಿಟ್ಟುಕೊಂಡು ಸ್ನಾನ ಮಾಡಿ, ಮಾಳಿಗೆಯ ಮೇಲೆ ನಿಂತು ಮೂಡಲಿಗೆ ಅರ್ಘ್ಯವನ್ನು ಕೊಟ್ಟು, ಅಜ್ಜನವರು ಮೆಟ್ಟಿಲಿಳಿದು ಬರುತ್ತಿದ್ದರು. ಹುಡುಗಿಯು ಪುಸ್ತಕದಿಂದ ತಲೆಯೆತ್ತಿ ಕೇಳಿದಳು:

“ಅಜ್ಜಾ, ಸೂರ್ಯ ಯಾವ ನಕ್ಷತ್ರ?”

“ಈಗ ಶ್ರವಣ,” ಎಂದು ಅವರು ತಡೆಯಿಲ್ಲದೆ ಉತ್ತರ ಕೊಟ್ಟರು.

ಸಂಪ್ರದಾಯದ ಮಟ್ಟಿಗೆ ಆ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಸೂರ್ಯನು ವರ್ಷಕ್ಕೊಮ್ಮೆ ಇಪ್ಪತ್ತೇಳು ನಕ್ಷತ್ರಗಳ ಮನೆಗಳನ್ನು ಸುತ್ತಿ ಬರುವ ಅತಿಥಿ. ರೋಹಿಣಿಯ ಮಳೆ, ಆರಿದ್ರೆಯ ಮಳೆ ಎಂದು ಒಕ್ಕಲಿಗನು ಎಣಿಸುವದು ಆ ಅತಿಥಿಯ ಬಿಡಾರಗಳನ್ನೇ. ಅತಿಥಿಯನ್ನೇ ಮನೆಯೆನ್ನುವದುಂಟೆ? ಆದರೆ ಹುಡುಗಿಯು ನಕ್ಕು, “ಯಾವ ನಕ್ಷತ್ರದಾಗ ಇದ್ದಾನಂತ ಅಲ್ಲ ಅಜ್ಜಾ. ಸೂರ್ಯನೇ ಒಂದು ನಕ್ಷತ್ರ. ಯಾವ ಜಾತಿ ನಕ್ಷತ್ರ ಅಂತ ಕೇಳಿದೆ,” ಎಂದಳು. ಎಂದು ಪುಸ್ತಕದ ಸಾಲನ್ನು ಓದಿಯೂ ತೋರಿಸಿದಳು. ಅದರಲ್ಲಿ ಸೂರ್ಯನು ಒಂದು ಸಾಧಾರಣ ನಕ್ಷತ್ರವೆಂದು ಬರೆದಿತ್ತು.

ನಕ್ಷತ್ರವೆಂಬ ಮಾತಿಗೆ ಅಜ್ಜನವರು ಹೆಚ್ಚು ಕದಲಲಿಲ್ಲ. ಸಾಧಾರಣವೆಂಬ ಮಾತು ಅವರನ್ನು ನೋಯಿಸಿತು. ಆ ದಿನ ಉಕ್ಕಿಸಿದ ಹಾಲಿನ ಪಾಯಸವು ತಟ್ಟೆಯಲ್ಲಿಯೇ ಆರಿತು.

ನೋವಿಗೆ ಒಂದು ಒಳಗಿನ ಕಾರಣವಿತ್ತು. ಮನೆಯ ಅಜ್ಜಿಯವರು ತೀರಿಕೊಂಡು ಆಗ್ಗೆ ಎರಡು ವರ್ಷ. ಅವರ ದಹನವು ಸದಾಶಿವನಗರದ ಸ್ಮಶಾನದಲ್ಲಿಯೇ ಆಯಿತು. ಮೃತರ ಕಣ್ಣನ್ನು ಸೂರ್ಯನಿಗೂ ಉಸಿರನ್ನು ಗಾಳಿಗೂ ಒಪ್ಪಿಸುವ ಮಂತ್ರವೊಂದು ಋಗ್ವೇದದ ಅಂತ್ಯೇಷ್ಟಿಯ ಸೂಕ್ತದಲ್ಲಿದೆ. ಅದನ್ನು ಅಜ್ಜನವರು ಎಷ್ಟೋ ಮನೆಗಳವರಿಗೆ ಹೇಳಿಕೊಟ್ಟಿದ್ದರು. ಅಂದು ಮಗನಿಗೆ ಹೇಳಿಕೊಡುವಾಗ ಮಾತ್ರ ಅದರ ಅರ್ಥವು ಮೊದಲ ಸಲ ಕಿವಿಗೆ ಬಿದ್ದಂತಾಯಿತು. ಅಂದಿನಿಂದ ಪ್ರಾತಃಕಾಲದ ಅರ್ಘ್ಯವು ಅವರಿಗೆ ಬರಿಯ ನಿತ್ಯಕರ್ಮವಾಗಿ ಉಳಿಯಲಿಲ್ಲ. ಐವತ್ತು ವರ್ಷ ತಮ್ಮನ್ನು ನೋಡಿದ ಕಣ್ಣು ಅಲ್ಲಿ ಇದೆ ಎಂಬ ಒಂದು ನಚ್ಚು ಅದರಲ್ಲಿ ಸೇರಿಕೊಂಡಿತ್ತು. ಅಂಥ ಠಾವನ್ನು ಸಾಧಾರಣವೆನ್ನುವದೆಂದರೆ ಹೇಗೆ? ಇದನ್ನು ಮೊಮ್ಮಗಳೆದುರು ಆಡಿ ತೋರಿಸುವ ಸ್ವಭಾವ ಅವರದಲ್ಲ. ನೈಯಾಯಿಕರ ಪದ್ಧತಿಯಂತೆ, “ಪ್ರಮಾಣ ಏನು? ಯಾವ ಲಕ್ಷಣದಿಂದ ಹಂಗಂತಾರ?” ಎಂದು ಮಾತ್ರ ಕೇಳಿದರು. ಹುಡುಗಿಯ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಇಬ್ಬರೂ ಮಾಘದಿಂದ ವೈಶಾಖದ ವರೆಗೆ ಕಳೆದರು.

ಪ್ರಾಚೀನರ ವರ್ಗೀಕರಣದಲ್ಲಿ ಸೂರ್ಯನು ನವಗ್ರಹಗಳಲ್ಲಿ ಮೊದಲಿಗನು. ನಕ್ಷತ್ರಗಳ ಪಂಕ್ತಿಯೇ ಬೇರೆ. ಇದು ಅಜ್ಞಾನದ ಮಾತೆಂದು ನಗುವವರು ಗ್ರಹವೆಂಬ ಶಬ್ದದ ಅರ್ಥವನ್ನರಿಯರು. ನಕ್ಷತ್ರಗಳ ನಡುವೆ ಚಲಿಸುವಂತೆ ಕಾಣುವದೆಲ್ಲ ಶಾಸ್ತ್ರಕಾರರಿಗೆ ಗ್ರಹವೇ. ಭೂಮಿಯಿಂದ ನೋಡಿದರೆ ಸೂರ್ಯನು ಚಲಿಸುವಂತೆ ಕಾಣುತ್ತಾನೆ. ಆದ್ದರಿಂದ ಅವನೂ ಗ್ರಹ. ಆದರೆ ಇನ್ನೊಂದು ವಿಷಯದಲ್ಲಿ ಹಳಬರು ನಿಜವಾಗಿಯೂ ಎಡವಿದ್ದುಂಟು. ಕ್ರಿ. ಶ. ೪೯೯ರ ಸುಮಾರಿನ ಆರ್ಯಭಟೀಯದ ಗೋಲಪಾದದಲ್ಲಿ, ಭೂಮಿ, ಗ್ರಹ, ನಕ್ಷತ್ರ ಇವೆಲ್ಲವುಗಳ ಗೋಲಗಳು ಸೂರ್ಯನಿಗೆ ಎದುರಾದ ಅರ್ಧದಲ್ಲಿ ಮಾತ್ರ ಬೆಳಗುವವೆಂದು ಹೇಳಿದೆ. ಭೂಮಿಗೂ ಚಂದ್ರನಿಗೂ ಬುಧಶುಕ್ರಾದಿಗಳಿಗೂ ಇದು ಅಕ್ಷರಶಃ ಸತ್ಯ. ಸಾವಿರದ ಐನೂರು ವರ್ಷಗಳ ಹಿಂದೆ ಇಷ್ಟನ್ನು ಕಂಡವನ ಬುದ್ಧಿಗೆ ಕೈಮುಗಿಯಬೇಕು. ನಕ್ಷತ್ರಗಳನ್ನೂ ಆ ಸಾಲಿಗೆ ಸೇರಿಸಿದ್ದರಲ್ಲಿ ಮಾತ್ರ ತಪ್ಪಾಯಿತು. ಆ ಮತದಂತೆ ಇಡಿಯ ಬ್ರಹ್ಮಾಂಡಕ್ಕೆ ದೀಪವು ಒಂದೇ. ಉಳಿದದ್ದೆಲ್ಲ ಅದರ ಬೆಳಕನ್ನು ಸಾಲ ತಂದು ಮಿನುಗುವದು. ಒಂದೇ ಒಂದು ಇರುವ ವಸ್ತುವಿಗೆ ಜಾತಿಯೆಲ್ಲಿಯದು? ಆಕಾಶವು ಒಂದೇ ವಸ್ತುವಾದ್ದರಿಂದ ಆಕಾಶತ್ವವೆಂಬದು ಜಾತಿಯಲ್ಲವೆಂದು ತಾರ್ಕಿಕರು ಹೇಳುವದಿಲ್ಲವೆ, ಹಾಗೆ. ಸೂರ್ಯನನ್ನು ವರ್ಗೀಕರಿಸಬೇಕಾದರೆ ಮೊದಲು ಅವನಿಗೆ ಸಜಾತೀಯರು ಇದ್ದಾರೆಂದು ತೋರಬೇಕು. ಆ ಸಾಕ್ಷ್ಯವು ಬೆಳಕಿನಿಂದಲೇ ದೊರೆಯಿತು.

ಗಾಜಿನ ಪಟ್ಟಕದಲ್ಲಿ ಹಾಯಿಸಿದ ಬಿಸಿಲು ಏಳು ಬಣ್ಣಗಳಾಗಿ ಹರಡುವದನ್ನು ಈಗ ಶಾಲೆಯ ಮಕ್ಕಳೆಲ್ಲ ಬಲ್ಲರು. ೧೮೧೪ರಲ್ಲಿ ಜರ್ಮನಿಯ ಫ್ರೌನ್‌ಹೋಫರನು ಆ ಬಣ್ಣದ ಪಟ್ಟಿಯನ್ನು ಸೂಕ್ಷ್ಮವಾಗಿ ನೋಡಿ, ಅದರಲ್ಲಿ ಅಡ್ಡಲಾಗಿ ಐನೂರಕ್ಕೂ ಮಿಕ್ಕಿ ಕಪ್ಪು ಗೆರೆಗಳಿರುವದನ್ನು ಗುರುತಿಸಿದನು. ಅವು ಏಕೆ ಇವೆಯೆಂಬದು ತಿಳಿಯಲು ಮುಂದೆ ನಾಲ್ವತ್ತೈದು ವರ್ಷ ಬೇಕಾದವು. ಒಲೆಯ ಉರಿಯಲ್ಲಿ ಒಂದು ಚಿಟಿಕೆ ಉಪ್ಪು ಬಿದ್ದರೆ ಉರಿಯು ಹಳದಿಯಾಗುವದನ್ನು ಅಡಿಗೆಮನೆಯವರೆಲ್ಲ ಕಂಡಿದ್ದಾರೆ. ಅದು ಉಪ್ಪಿನಲ್ಲಿಯ ಸೋಡಿಯಂ ಧಾತುವಿನ ಬಣ್ಣ. ಪ್ರತಿಯೊಂದು ಧಾತುವೂ ತನಗೆ ಮೀಸಲಾದ ಗೆರೆಗಳನ್ನು ಉರಿಯಲ್ಲಿ ಬೆಳಗಿ ತೋರುತ್ತದೆ. ಬಿಸಿಬೆಳಕಿನ ಮುಂದೆ ತಾನು ತಂಪಾಗಿ ನಿಂತಾಗ ಅವೇ ಗೆರೆಗಳನ್ನು ನುಂಗಿ ಕಪ್ಪು ಮಾಡುತ್ತದೆ. ಇದನ್ನು ೧೮೫೯ರಿಂದ ಈಚೆಗೆ ಕಿರ್ಖಾಫ್ ಮತ್ತು ಬುನ್ಸೆನ್ ಎಂಬವರು ಸ್ಥಾಪಿಸಿದರು. ಸೂರ್ಯನ ಗೆರೆಗಳು ಅವನ ಮೈಯ ಧಾತುಗಳ ಸಹಿಗಳೆಂದು ಆಗ ತಿಳಿಯಿತು. ನಕ್ಷತ್ರಗಳ ಬೆಳಕನ್ನು ಹೀಗೆಯೇ ಸೀಳಿ ನೋಡಿದರೆ ಅಲ್ಲಿಯೂ ಗೆರೆಗಳು; ಕೆಲವುಗಳಲ್ಲಿ ಸೂರ್ಯನವೇ. ಸಾಲ ತಂದ ಬೆಳಕೆಂಬ ಮಾತಿಗೆ ಅಲ್ಲಿಗೆ ಎಡೆಯುಳಿಯಲಿಲ್ಲ. ಅವೂ ಸೂರ್ಯರು, ಇವನೂ ನಕ್ಷತ್ರ.

ಈ ವಿದ್ಯೆಯ ಒಂದು ಅಧ್ಯಾಯವು ಬೆಳಗಾವಿಯಿಂದ ಈಶಾನ್ಯಕ್ಕಿರುವ ಜಮಖಂಡಿಯಲ್ಲಿ ನಡೆಯಿತೆಂಬದು ಇತ್ತಕಡೆಯ ಮನೆಗಳಲ್ಲಿಯೇ ಮರೆತುಹೋದ ಸಂಗತಿ. ವಿಭವ ಸಂವತ್ಸರದ ಶ್ರಾವಣ ಅಮಾವಾಸ್ಯೆ, ಮಂಗಳವಾರ. ಎಂದರೆ ೧೮೬೮ನೆಯ ಇಸವಿಯ ಆಗಸ್ಟ್ ೧೮. ಅಂದು ಬೆಳಿಗ್ಗೆ ಖಗ್ರಾಸ ಗ್ರಹಣದ ನೆರಳು ಪಡುವಣ ಕಡಲಿನಿಂದ ಏರಿ, ಬಿಜಾಪುರದ ಸೀಮೆಯನ್ನು ದಾಟಿ, ಗುಂಟೂರಿನ ಕಡೆಗೆ ಸಾಗಿತು. ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷೆಲನ ಮೊಮ್ಮಗನಾದ ಲೆಫ್ಟಿನೆಂಟ್ ಜಾನ್ ಹರ್ಷೆಲನು ಆಗ ಭೂಮಾಪನದ ಇಲಾಖೆಯಲ್ಲಿದ್ದನು. ಲಂಡನ್ನಿನ ರಾಯಲ್ ಸೊಸೈಟಿಯವರು ಒದಗಿಸಿದ ವರ್ಣಪಟಲದರ್ಶಕವನ್ನು ತೆಗೆದುಕೊಂಡು ಅವನು ಪಟವರ್ಧನರ ಸಂಸ್ಥಾನವಾದ ಜಮಖಂಡಿಯಲ್ಲಿ ಠಾಣೆ ಹಾಕಿದನು. ಗ್ರಹಣವಾದಾಗ ಸೂರ್ಯನ ಅಂಚಿನಲ್ಲಿ ಕೆಂಪು ನಾಲಗೆಗಳು ಚಾಚಿದಂತೆ ಕಾಣುವವಷ್ಟೆ. ಅವು ಏನೆಂಬದು ಆಗ ಯಾರಿಗೂ ಗೊತ್ತಿರಲಿಲ್ಲ. ಮಳೆಗಾಲವಾದ್ದರಿಂದ ಮೋಡಗಳು ಬಂದು ಬಂದು ಮುಸುಕುತ್ತಿದ್ದವು. ಮೋಡ ಹರಿದ ಕೆಲವು ಕ್ಷಣಗಳಲ್ಲಿ ಹರ್ಷೆಲನು ಯಂತ್ರವನ್ನು ಆ ಕೆಂಪು ನಾಲಗೆಯ ಮೇಲೆ ನಿಲ್ಲಿಸಿದನು. ಕಪ್ಪು ಗೆರೆಗಳಿಗೆ ಬದಲು ಮೂರು ಪ್ರಜ್ವಲಿಸುವ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲ. ಅವು ಉರಿಯುವ ಅನಿಲವೆಂದು ಅಷ್ಟರಿಂದಲೇ ನಿಶ್ಚಯವಾಯಿತು.

ಆ ಮೂರರಲ್ಲಿ ನಡುವಿನ ಗೆರೆಯನ್ನು ಹರ್ಷೆಲನು ಉಪ್ಪಿನ ಸೋಡಿಯಮ್ಮಿನದೆಂದೇ ಎಣಿಸಿದನು. ಅದೇ ದಿವಸ ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ನನು ಆ ಗೆರೆಗಳ ಪ್ರಖರತೆಗೆ ಬೆರಗಾಗಿ, ಗ್ರಹಣವಿಲ್ಲದೆಯೂ ಅವನ್ನು ಕಾಣಬಹುದೆಂದು ಮರುದಿನವೇ ತೋರಿಸಿದನು. ಇಂಗ್ಲಂಡಿನಲ್ಲಿ ಲಾಕಿಯರನು ಅಕ್ಟೋಬರದಲ್ಲಿ ತಾನಾಗಿ ಇದೇ ಉಪಾಯವನ್ನು ಕಂಡುಕೊಂಡು ಸಾವಕಾಶವಾಗಿ ಅಳೆದಾಗ, ನಡುವಿನ ಗೆರೆಯು ಸೋಡಿಯಮ್ಮಿನ ಮಗ್ಗುಲಲ್ಲಿದೆಯೇ ಹೊರತು ಸೋಡಿಯಮ್ಮಿನದಲ್ಲವೆಂಬದು ಹೊರಬಿದ್ದಿತು. ಭೂಮಿಯ ಮೇಲೆ ಯಾರೂ ಅರಿಯದ ಆ ಧಾತುವಿಗೆ ಸೂರ್ಯನ ಹೆಸರಿನಿಂದಲೇ ಹೀಲಿಯಂ ಎಂದು ಹೆಸರಾಯಿತು. ಅದು ಭೂಮಿಯಲ್ಲಿ ಸಿಕ್ಕದ್ದು ೧೮೯೫ರಲ್ಲಿ, ರ‍್ಯಾಮ್ಸೆಯ ಕೈಗೆ. ಜಮಖಂಡಿಯ ಮೋಡಗಳ ನಡುವೆ ಹರ್ಷೆಲನ ಕಣ್ಣಿಗೆ ಬಿದ್ದದ್ದು ಅದೇ. ಗುರುತು ಹಿಡಿಯುವ ಪುಣ್ಯ ಮಾತ್ರ ಅವನದಾಗಲಿಲ್ಲ.

ಇದನ್ನು ಕೇಳಿ ಅಜ್ಜನವರಿಗೆ ತಮ್ಮದೊಂದು ಹಳಹಳಿಕೆ ನೆನಪಾಯಿತು. ೧೯೮೦ರ ಫೆಬ್ರುವರಿ ೧೬ರಂದು ಖಗ್ರಾಸದ ನೆರಳು ಹುಬ್ಬಳ್ಳಿಯ ಮೇಲೆ ಹಾಯ್ದಿತು. ರೈಲಿನಲ್ಲಿ ಹೋಗಿ ನೋಡಬಹುದಾದ ದೂರ. ಆದರೆ ಅಂದು ಅವರು ಸ್ನಾನ ಮಾಡಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಜಪಕ್ಕೆ ಕುಳಿತಿದ್ದರು. ಗ್ರಹಣದ ಗಣಿತವನ್ನು ಎಷ್ಟೋ ಸಲ ಮಾಡಿದವರು ಗ್ರಹಣವನ್ನು ಒಮ್ಮೆಯೂ ಕಂಡಿರಲಿಲ್ಲ.

ಸಜಾತೀಯರು ಇದ್ದಾರೆಂದಾದ ಮೇಲೆ ಜಾತಿಗಳನ್ನು ಬೇರ್ಪಡಿಸುವ ಕೆಲಸವು ಮೊದಲಾಯಿತು. ರೋಮಿನ ಪಾದ್ರಿ ಸೆಕ್ಕಿಯು ೧೮೬೦ರ ದಶಕದಲ್ಲಿ ನಕ್ಷತ್ರಗಳನ್ನು ಗೆರೆಗಳ ಮಾದರಿಯಿಂದ ಕೆಲವೇ ಗುಂಪುಗಳಾಗಿ ವಿಂಗಡಿಸಿದನು. ಅನಂತರ ಅಮೇರಿಕೆಯ ಹಾರ್ವರ್ಡ್ ವೇಧಶಾಲೆಯಲ್ಲಿ ಛಾಯಾಚಿತ್ರದ ಗಾಜುಗಳ ಮೇಲೆ ನಕ್ಷತ್ರಗಳ ವರ್ಣಪಟಲವನ್ನು ಮೂಡಿಸಿ, ಒಂದೊಂದನ್ನೇ ಪರೀಕ್ಷಿಸುವ ಮಹಾಕಾರ್ಯವು ನಡೆಯಿತು. ಅದನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು. ವಿಲಿಯಮಿನಾ ಫ್ಲೆಮಿಂಗ್ ಎಂಬಾಕೆಯು ವೇಧಶಾಲೆಯ ಮುಖ್ಯಸ್ಥನಾದ ಪಿಕರಿಂಗನ ಮನೆಯಲ್ಲಿ ಮೊದಲು ಮನೆಗೆಲಸಕ್ಕಿದ್ದವಳು. ೧೮೯೦ರಲ್ಲಿ ಪ್ರಕಟವಾದ ಹತ್ತು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯು ಬಹುಪಾಲು ಅವಳ ಕೈಯದು. ಜಲಜನಕದ ಗೆರೆಗಳು ಎಲ್ಲಕ್ಕಿಂತ ದಟ್ಟವಾಗಿರುವ ನಕ್ಷತ್ರಗಳಿಗೆ ಎ ಎಂದೂ, ಮುಂದಿನವಕ್ಕೆ ಬಿ ಎಂದೂ, ಹೀಗೆ ಇಂಗ್ಲಿಷ್ ಅಕ್ಷರಗಳನ್ನು ಅಂದು ಹಚ್ಚಲಾಯಿತು. ಕಿವಿ ಬಹಳ ಮಂದವಾಗಿದ್ದ ಆನಿ ಕ್ಯಾನನ್ ಎಂಬ ವಿದುಷಿಯು ೧೯೦೧ರಲ್ಲಿ ಇದನ್ನು ಸೋಸಿ, ಬೇಡವಾದ ಅಕ್ಷರಗಳನ್ನು ಕಿತ್ತುಹಾಕಿ, ಉಳಿದವನ್ನು ಉಷ್ಣತೆಯ ಅನುಕ್ರಮದಲ್ಲಿ ನಿಲ್ಲಿಸಿದಳು: ಓ, ಬಿ, ಎ, ಎಫ್, ಜಿ, ಕೆ, ಎಂ. ಅಕ್ಷರಮಾಲೆಯ ಕ್ರಮವು ಕೆಟ್ಟಿತು. ಹೆಸರುಗಳನ್ನು ಬದಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಜೀವಮಾನದಲ್ಲಿ ಅವಳು ವರ್ಗ ಗೊತ್ತುಪಡಿಸಿದ ನಕ್ಷತ್ರಗಳು ಸುಮಾರು ಮೂರುವರೆ ಲಕ್ಷ.

ಬಣ್ಣಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ತಿಳಿಯಲು ಖಾನಾಪುರದ ಕಡೆಯ ಕುಂಬಾರನು ಸಾಕು. ಆವಿಗೆಯ ಕಿಂಡಿಯಲ್ಲಿ ಹಣಿಕಿ ಹಾಕಿ, ಒಳಗಿನ ಬಣ್ಣದಿಂದಲೇ ಅವನು ಬೇಗೆಯನ್ನು ಅಳೆಯುತ್ತಾನೆ. ಮಂದ ಕೆಂಪು, ಬಳಿಕ ಹೊಳೆಯುವ ಕೆಂಪು, ಮುಂದೆ ಹಳದಿ. ಕಮ್ಮಾರನ ಕುಲುಮೆಯಲ್ಲಿ ಇನ್ನೂ ಮುಂದೆ ಹೋದರೆ ಬೆಳ್ಳಗೆ. ಆಕಾಶದಲ್ಲಿಯೂ ನಿಯಮವು ಇದೇ. ಆರ್ದ್ರೆ ಮತ್ತು ಜ್ಯೇಷ್ಠೆಗಳು ಎಂ ವರ್ಗದ ಕೆಂಪು ನಕ್ಷತ್ರಗಳು; ಅವುಗಳ ಮೈಯ ಉಷ್ಣತೆ ಮೂರುವರೆ ಸಾವಿರ ಅಂಶದ ಸುಮಾರು. ರೋಹಿಣಿ, ಸ್ವಾತಿಗಳು ಕೆ ವರ್ಗದವು. ಧ್ರುವನು ಎಫ್. ಶ್ರವಣ, ಅಭಿಜಿತ್, ಲುಬ್ಧಕ ಇವು ಬಿಳಿಯ ಎ ವರ್ಗಕ್ಕೆ ಸೇರಿದವು. ಚಿತ್ರೆ, ಮಘೆಗಳು ನೀಲಿ ಬೆರೆತ ಬಿ. ಮಹಾವ್ಯಾಧನ ನಡುಪಟ್ಟಿಯ ಮೂರರಲ್ಲಿ ಮೂಡಲಿನದು ಓ ವರ್ಗದ್ದು. ಹುಡುಗಿಯು ಇಪ್ಪತ್ತೇಳು ನಕ್ಷತ್ರಗಳ ಪಟ್ಟಿಯನ್ನು ಬರೆದು, ಎದುರಿಗೆ ಈ ಅಕ್ಷರಗಳನ್ನು ಕೂಡಿಸತೊಡಗಿದಾಗ ಅಜ್ಜನವರಿಗೆ ನಿಜವಾದ ಕುತೂಹಲ ಹುಟ್ಟಿತು. ಗಣ ಕೂಟ, ಯೋನಿ ಕೂಟಗಳ ಕೋಷ್ಟಕವನ್ನು ಎಳೆತನದಲ್ಲಿ ಉರುಹೊಡೆದವರಿಗೆ ಇದು ಇನ್ನೊಂದು ಕೂಟವಾಗಿ ಕಂಡಿತು.

ಸೂರ್ಯನ ಉಷ್ಣತೆಯು ಕೆಲ್ವಿನ್ ಮಾನದಲ್ಲಿ ೫೭೭೨. ಅಂದರೆ ಸುಮಾರು ಐದೂವರೆ ಸಾವಿರ ಸೆಂಟಿಗ್ರೇಡ್ ಅಂಶ. ವರ್ಗವು ಜಿ. ಪ್ರತಿ ವರ್ಗವನ್ನೂ ಸೊನ್ನೆಯಿಂದ ಒಂಬತ್ತರ ವರೆಗೆ ಹತ್ತು ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಅವುಗಳಲ್ಲಿ ಸೂರ್ಯನದು ಎರಡು. ಜಿ ವರ್ಗದ ಬಿಸಿಯಾದ ತುದಿಗೆ ಸಮೀಪದವನೆಂದು ಭಾವ.

ಗೆರೆಗಳು ಧಾತುಗಳ ಸಹಿಗಳಾದ ಮೇಲೆ, ಬೇರೆ ಬೇರೆ ವರ್ಗಗಳೆಂದರೆ ಬೇರೆ ಬೇರೆ ದ್ರವ್ಯಗಳಿಂದಾದ ನಕ್ಷತ್ರಗಳೆಂದು ತಿಳಿಯುವದು ಸಹಜ. ವಿದ್ವಾಂಸರೂ ಬಹಳ ದಿನ ಹಾಗೆಯೇ ನಡೆದರು. ಈ ಗಂಟನ್ನು ಬಿಡಿಸಿದವರು ಮೇಘನಾದ ಸಾಹಾ. ಯಾವ ಉಷ್ಣತೆಯಲ್ಲಿ ಯಾವ ಧಾತುವಿನ ಎಷ್ಟು ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕ���ೆದುಕೊಳ್ಳುವವೆಂಬ ಗಣಿತವನ್ನು ಅವರು ೧೯೨೦ರಲ್ಲಿ ಪ್ರಕಟಿಸಿದರು. ಅದರಂತೆ ನೋಡಿದರೆ ಗೆರೆಯು ಮೂಡುವದು ದ್ರವ್ಯವು ಎಷ್ಟಿದೆ ಎಂಬದರಿಂದ ಮಾತ್ರವಲ್ಲ, ಆ ದ್ರವ್ಯವು ಯಾವ ಬೇಗೆಯಲ್ಲಿದೆ ಎಂಬದರಿಂದ. ಒಂದೇ ಮಣ್ಣು, ಬೇರೆ ಬೇರೆ ಆವಿಗೆ. ೧೯೨೫ರಲ್ಲಿ ಸಿಸೀಲಿಯಾ ಪೇನ್ ಎಂಬ ತರುಣಿಯು ಸಾಹಾರ ಸಮೀಕರಣವನ್ನು ಹಾರ್ವರ್ಡಿನ ಗಾಜುಗಳಿಗೆ ಅನ್ವಯಿಸಿ, ನಕ್ಷತ್ರಗಳು ಬಹುಪಾಲು ಜಲಜನಕವೇ ಆಗಿವೆಯೆಂದು ಕಂಡಳು. ಅಂದಿನ ಹಿರಿಯ ವಿದ್ವಾಂಸನಾದ ರಸೆಲ್ಲನು ಇದು ಅಶಕ್ಯವೆಂದನು. ಅವಳು ತನ್ನ ಪ್ರಬಂಧದಲ್ಲಿ, ಈ ಫಲಿತವು ನಿಜವಿರಲಾರದೆಂಬ ಒಂದು ವಾಕ್ಯವನ್ನು ಸೇರಿಸಬೇಕಾಯಿತು. ನಾಲ್ಕು ವರ್ಷಗಳ ಮೇಲೆ ರಸೆಲ್ಲನು ಬೇರೊಂದು ದಾರಿಯಿಂದ ಅದೇ ಫಲಿತಕ್ಕೆ ಬಂದು, ಅವಳ ಮಾತನ್ನು ಒಪ್ಪಿಕೊಂಡನು. ಪಾಠಶಾಲೆಗಳಲ್ಲಿ ಪೂರ್ವಪಕ್ಷವನ್ನು ಹೇಳುವ ಕಿರಿಯನಿಗೂ ಇಷ್ಟು ಅಂಜಿಕೆ ಇರುತ್ತಿರಲಿಲ್ಲವೆಂದು ಅಜ್ಜನವರು ಟೀಕಿಸಿದರು. ಅದು ಎಲ್ಲ ಪಾಠಶಾಲೆಗಳ ವಿಷಯದಲ್ಲಿ ನಿಜವಲ್ಲವೆಂದು ಅವರಿಗೂ ಗೊತ್ತಿತ್ತು.

ಇನ್ನು ಜಿ ಎರಡರ ಮುಂದೆ ಬರೆಯುವ ರೋಮನ್ ಐದರ ಮಾತು. ಬಣ್ಣವೊಂದರಿಂದಲೇ ಗಾತ್ರವು ತಿಳಿಯದು. ಬ್ರಹ್ಮಹೃದಯವು ಸೂರ್ಯನ ಹೊಂಬಣ್ಣದ್ದೇ; ಆದರೆ ಅದು ನಿಜವಾಗಿ ಜೋಡಿ ನಕ್ಷತ್ರ, ಅದರ ಒಂದೊಂದೂ ಸೂರ್ಯನ ಎಪ್ಪತ್ತು ಪಾಲಿಗೂ ಹೆಚ್ಚು ಬೆಳಕು ಚೆಲ್ಲುವ ದೈತ್ಯ. ಹಾರ್ವರ್ಡಿನ ಆಂಟೋನಿಯಾ ಮೋರಿ ಎಂಬಾಕೆಯು ೧೮೯೭ರಲ್ಲಿಯೇ, ಒಂದೇ ಬಣ್ಣದ ನಕ್ಷತ್ರಗಳಲ್ಲಿ ಕೆಲವುಗಳ ಗೆರೆಗಳು ತೆಳ್ಳಗಿರುವದನ್ನು ಗುರುತಿಸಿದ್ದಳು. ಆ ಭೇದವನ್ನು ಮೇಲಿನವರು ಲಕ್ಷಿಸಲಿಲ್ಲ. ಹಿಗ್ಗಿದ ದೈತ್ಯನ ಹೊರಮೈ ವಿರಳ, ಒತ್ತಡ ಕಡಿಮೆ, ಆದ್ದರಿಂದ ಗೆರೆ ತೆಳು. ಅಡಕವಾದ ನಕ್ಷತ್ರದಲ್ಲಿ ಒತ್ತಡ ಹೆಚ್ಚು, ಗೆರೆ ದಪ್ಪ. ೧೯೪೩ರಲ್ಲಿ ಮಾರ್ಗನ್, ಕೀನನ್, ಕೆಲ್ಮನ್ ಎಂಬವರು ಈ ಲಕ್ಷಣವನ್ನು ಸೇರಿಸಿ ಒಂದರಿಂದ ಐದರ ವರೆಗೆ ಶ್ರೇಣಿಗಳನ್ನು ಕಟ್ಟಿದರು. ಒಂದು ಮಹಾದೈತ್ಯರಿಗೆ, ಮೂರು ದೈತ್ಯರಿಗೆ, ಐದು ಕುಬ್ಜರಿಗೆ. ಗರ್ಭದಲ್ಲಿ ಜಲಜನಕವನ್ನು ಹೀಲಿಯಂ ಆಗಿ ಮಾರ್ಪಡಿಸುತ್ತ ಸ್ಥಿರವಾಗಿ ಉರಿಯುವ ನಕ್ಷತ್ರಗಳೆಲ್ಲ ಐದನೆಯ ಶ್ರೇಣಿಯವು. ಜಿ, ಎರಡು, ಐದು: ಇಷ್ಟು ಸೂರ್ಯನ ಪ್ರವರ.

ಸುಮಾರು ಹದಿನಾಲ್ಕು ಲಕ್ಷ ಕಿಲೋಮೀಟರ್ ವ್ಯಾಸದ, ನೂರೊಂಬತ್ತು ಭೂಮಿಗಳನ್ನು ಸಾಲಾಗಿ ಹೊಂದಿಸಬಹುದಾದ ವಸ್ತುವಿಗೆ ಕುಬ್ಜನೆಂಬ ಹೆಸರು! ಹಳದಿ ಕುಬ್ಜನೆಂದು ಪುಸ್ತಕಗಳು ಹೇಳುತ್ತವೆ. ಹಳದಿಯೆಂಬದೂ ಪೂರ್ತಿ ಸರಿಯಲ್ಲ. ವಾಯುಮಂಡಲದ ಆಚೆಯಿಂದ ನೋಡಿದವರಿಗೆ ಸೂರ್ಯನು ಬೆಳ್ಳಗೆ ಕಾಣುತ್ತಾನೆ. ಗಾಳಿಯು ನೀಲಿಯನ್ನು ಚೆದುರಿಸಿಬಿಡುವದರಿಂದ ಇಲ್ಲಿಯವರಿಗೆ ಹಳದಿಯ ಛಾಯೆ. ಸಾಧಾರಣವೆಂಬದಂತೂ ಎಣಿಕೆಗೆ ನಿಲ್ಲುವ ಮಾತಲ್ಲ. ನಕ್ಷತ್ರಗಳಲ್ಲಿ ಹತ್ತಕ್ಕೆ ಏಳೆಂಟು ಎಂ ವರ್ಗದ ಕೆಂಪು ಕುಬ್ಜಗಳು. ಅವುಗಳಲ್ಲಿ ಒಂದೂ ಬರಿಗಣ್ಣಿಗೆ ಕಾಣುವದಿಲ್ಲ. ರಾತ್ರಿ ಕಣ್ಣಿಗೆ ಕಾಣುವವು ಬಹುಮಟ್ಟಿಗೆ ಸೂರ್ಯನಿಗಿಂತ ಪ್ರಖರವಾದ ಶ್ರೀಮಂತರು; ಆ ಸಭೆಯಲ್ಲಿ ನಿಲ್ಲಿಸಿದರೆ ಸೂರ್ಯನು ಬಡವ. ಮೂವತ್ತೆರಡೂವರೆ ಜ್ಯೋತಿರ್ವರ್ಷ ದೂರಕ್ಕೆ ಒಯ್ದಿಟ್ಟರೆ, ಬೆಳಗಾವಿಯ ದೀಪಗಳ ನಡುವಿನಿಂದ ಅವನನ್ನು ಹುಡುಕುವದೂ ಕಷ್ಟ. ಆದರೆ ಕಾಣದವರನ್ನೂ ಕೂಡಿಸಿ ಇಡಿಯ ಊರನ್ನು ಎಣಿಸಿದರೆ, ಬಹುಜನರಿಗಿಂತ ಅವನು ಮೇಲು. ಪುಸ್ತಕ ಬರೆದವರು ಸೂರ್ಯನು ಅದ್ವಿತೀಯನಲ್ಲ ಎಂದು ಹೇಳಹೊರಟು, ಸಾಧಾರಣನು ಎಂದುಬಿಟ್ಟಿದ್ದರು. ಎರಡು ಮಾತುಗಳ ಅರ್ಥ ಒಂದಲ್ಲ. ಇಷ್ಟನ್ನು ಹುಡುಗಿಯೇ ಹುಡುಕಿ ತಂದು ಹೇಳಿದಾಗ ಅಜ್ಜನವರ ಮುಖವು ಸ್ವಲ್ಪ ತಿಳಿಯಾಯಿತು.

ಆಯುಸ್ಸಿನ ಮಾತು ಬಂದಾಗ ಅದು ಮತ್ತೆ ಮುಸುಕಿತು. ಸೂರ್ಯನ ವಯಸ್ಸು ಸುಮಾರು ೪೬೦ ಕೋಟಿ ವರ್ಷ. ಇನ್ನೂ ಸುಮಾರು ಐನೂರು ಕೋಟಿ ವರ್ಷಗಳ ಮೇಲೆ ಅವನು ಉಬ್ಬಿ ಕೆಂಪು ದೈತ್ಯನಾಗಿ, ಕೊನೆಗೆ ಬಿಳಿಯ ಕಿರುಗೋಲವಾಗಿ ಆರುವನು. ಬ್ರಹ್ಮನ ಹಗಲಾದ ಕಲ್ಪವು ೪೩೨ ಕೋಟಿ ವರ್ಷ. ಸಂಖ್ಯೆಗಳು ಹತ್ತಿರ ಬಂದದ್ದು ಕಂಡು ಹುಡುಗಿಗೆ ಸಂಭ್ರಮವಾಯಿತು. ಅಜ್ಜನವರು ಆ ಸಂಭ್ರಮಕ್ಕೆ ಒಳಗಾಗಲಿಲ್ಲ. ಎರಡು ಬೇರೆ ಗಣಿತಗಳ ಉತ್ತರಗಳು ಹತ್ತಿರವಾದ ಮಾತ್ರಕ್ಕೆ ಗಣಿತ ಒಂದೇ ಆಗದೆಂದರು.

ಮಹಾಶಿವರಾತ್ರಿ ಕಳೆದು, ಯುಗಾದಿಯೂ ಕಳೆದ ಮೇಲೆ, ಒಂದು ಸಂಜೆ ಅವರು ತಮಗೆ ಬೇಕಾಗಿದ್ದ ಪ್ರಶ್ನೆಯನ್ನು ಕೇಳಿದರು. ಜಿ ವರ್ಗವೆಂದು ತೀರ್ಮಾನಿಸುವದು ಯಾವ ಗೆರೆಯಿಂದ? ಜಲಜನಕವು ಎಲ್ಲರಲ್ಲಿಯೂ ಹೆಚ್ಚಷ್ಟೆ. ಸೂರ್ಯನಲ್ಲಿ ಎದ್ದು ಕಾಣುವದು ಯಾವದು?

ಉತ್ತರವು ಹುಡುಗಿಯ ಟಿಪ್ಪಣಿಯಲ್ಲಿಯೇ ಇದ್ದಿತು. ಅವಳು ಅದನ್ನು ಮಹತ್ವದ್ದೆಂದು ಎಣಿಸಿರಲಿಲ್ಲ. ಜಿ ವರ್ಗದ ನಕ್ಷತ್ರಗಳಲ್ಲಿ ಜಲಜನಕದ ಗೆರೆಗಳು ಕ್ಷೀಣ. ನೇರಿಳೆಯ ತುದಿಯಲ್ಲಿ ಎಚ್, ಕೆ ಎಂದು ಹೆಸರಾದ ಎರಡು ಅಗಲವಾದ ಕಪ್ಪು ಗೆರೆಗಳು ಅತ್ಯಂತ ದಟ್ಟ. ಅವು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಕ್ಯಾಲ್ಸಿಯಮ್ಮಿನವು. ಸೂರ್ಯನಲ್ಲಿ ಜಲಜನಕದ ನಾಲ್ಕು ಲಕ್ಷಕ್ಕೂ ಹೆಚ್ಚು ಪರಮಾಣುಗಳಿಗೆ ಕ್ಯಾಲ್ಸಿಯಂ ಒಂದು. ಆದರೂ ಅವನ ಬೇಗೆಯು ಆ ಧಾತುವಿಗೆ ಹೇಳಿಮಾಡಿಸಿದಂತಿರುವದರಿಂದ ಅದರ ಸಹಿಯೇ ಎಲ್ಲಕ್ಕೂ ಮಿಗಿಲು. ಕೊಡೈಕೆನಾಲಿನ ವೇಧಶಾಲೆಯವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದದ್ದು ಈ ಕೆ ಗೆರೆಯ ಬೆಳಕಿನಲ್ಲಿಯೇ. ಅದೇ ಗೆರೆಯ ನಡುವೆ ಮೂಡುವ ಹೊಳಪಿನ ಅಗಲದಿಂದ ನಕ್ಷತ್ರವು ದೈತ್ಯವೋ ಕುಬ್ಜವೋ ಎಂದು ಅಳೆಯಬಹುದೆಂದು ೧೯೫೭ರಲ್ಲಿ ವಿಲ್ಸನ್ನನೊಡನೆ ತೋರಿಸಿದವರು ವೇಣು ಬಾಪು. ಮುಂದೆ ಬೆಂಗಳೂರಿನಲ್ಲಿ ಭಾರತೀಯ ಖಗೋಳಭೌತ ಸಂಸ್ಥೆಯನ್ನು ಕಟ್ಟಿದವರೂ ಅವರೇ. ೨೦೨೩ರ ಸಪ್ಟೆಂಬರ ೨ರಂದು ಹಾರಿದ ಆದಿತ್ಯ ನೌಕೆಯಲ್ಲಿಯ ಕರೋನಾದರ್ಶಕವು ಆ ಸಂಸ್ಥೆಯವರ ಕೃತಿ.

“ಕ್ಯಾಲ್ಸಿಯಂ ಅಂದರ?” ಎಂದು ಅಜ್ಜನವರು ಕೇಳಿದರು.

“ಸುಣ್ಣದಾಗ ಇರೋದು, ಅಜ್ಜಾ. ಎಲುವಿನಾಗ ಇರೋದೂ ಅದೇ.”

ಅವರು ಮುಂದೆ ಏನನ್ನೂ ಕೇಳಲಿಲ್ಲ. ಅಸ್ಥಿಸಂಚಯನದ ದಿವಸ ಸದಾಶಿವನಗರದ ಸ್ಮಶಾನದಲ್ಲಿ ಬೂದಿಯನ್ನು ಹಾಲುನೀರಿನಿಂದ ತೋಯಿಸಿ, ಬೆಳ್ಳಗಿನ ತುಣುಕುಗಳನ್ನು ಒಂದೊಂದಾಗಿ ಆಯ್ದು ಮಡಕೆಯಲ್ಲಿ ಹಾಕಿದ್ದರು. ಮಡಕೆಯನ್ನು ಖಾನಾಪುರಕ್ಕೆ ಒಯ್ದು ಮಲಪ್ರಭೆಯಲ್ಲಿ ಬಿಟ್ಟದ್ದು ಮಗ. ಅಂದು ದಂಡೆಯ ಮೇಲೆ ಕುಳಿತು ನೋಡಿದ್ದು ಅವರು.

ವೈಶಾಖದಲ್ಲಿ ಖಾನಾಪುರದ ಸಮೀಪದ ಹಳ್ಳಿಯಲ್ಲಿ ಹುಡುಗಿಯ ಸೋದರಮಾವನ ಮಗನ ಮುಂಜಿವೆಯಾಯಿತು. ವಟುವಿಗೆ ಸೂರ್ಯನನ್ನು ತೋರಿಸಿ, ಗೋತ್ರಪ್ರವರಗಳನ್ನು ಹೇಳಿಸಿ, ಅಭಿವಾದನವನ್ನು ಕಲಿಸಿದವರು ಅಜ್ಜನವರೇ. ರಾತ್ರಿ ಊಟ ಮುಗಿದು, ಹತ್ತು ಗಂಟೆ ಕಳೆದ ಮೇಲೆ, ಹುಡುಗಿಯು ಅವರನ್ನು ಕೈಹಿಡಿದು ಹಿತ್ತಲಿನ ಆಚೆ ಬಯಲಿಗೆ ಕರೆದುಕೊಂಡು ಹೋದಳು. ಊರ ದೀಪಗಳು ಹಿಂದೆ ಉಳಿದವು. ತೆಂಕಲಲ್ಲಿ, ಗುಡ್ಡದ ಸಾಲಿನ ಸ್ವಲ್ಪವೇ ಮೇಲೆ, ತ್ರಿಶಂಕುವಿನ ಎಡಕ್ಕೆ ಎರಡು ದೊಡ್ಡ ನಕ್ಷತ್ರಗಳು ಜೊತೆಯಾಗಿ ಇದ್ದವು. ಬಲಗಡೆಯದು ನೀಲಿ ಬೆರೆತ ಬಿ ವರ್ಗದ್ದು, ಬಹಳ ದೂರದ್ದು. ಎಡಗಡೆಯದು ಹೊಂಬಣ್ಣದ್ದು, ಆಲ್ಫಾ ಸೆಂಟಾರಿ ಎಂದು ಅದರ ಹೆಸರು. ಬರಿಗಣ್ಣಿಗೆ ಒಂದಾಗಿ ಕಂಡರೂ ಅದು ಜೋಡಿ, ಭೂಮಿಯಿಂದ ೪.೩೭ ಜ್ಯೋತಿರ್ವರ್ಷ ದೂರ. ಜೋಡಿಯಲ್ಲಿ ಹಿರಿಯದರ ವರ್ಗವು ಜಿ, ಎರಡು, ಐದು.

“ಅಂದರ ಸೂರ್ಯನ ಸಗೋತ್ರ,” ಎಂದರು ಅಜ್ಜನವರು.

“ಹೌದು ಅಜ್ಜಾ.”

ಅದು ದಕ್ಷಿಣದಿಕ್ಕು, ಸಂಧ್ಯಾವಂದನೆಯಲ್ಲಿ ಯಮನಿಗೆ ನಮಸ್ಕರಿಸುವ ದಿಕ್ಕು. ಅವರು ಬಹಳ ಹೊತ್ತು ಅತ್ತಲೇ ನೋಡುತ್ತ ನಿಂತರು. ಮಲಪ್ರಭೆಯ ಕಡೆಯಿಂದ ತಂಪುಗಾಳಿಯು ಬೀಸುತ್ತಿತ್ತು. ಕೊನೆಗೆ, “ಆ ಸುಣ್ಣ ಅಲ್ಲಿಯೂ ಅದ ಏನು?” ಎಂದು ಕೇಳಿದರು.

“ಅದ. ಅದೇ ಎರಡು ಗೆರಿ.”

ಮರುದಿನ ಬೆಳಿಗ್ಗೆ ಅವರು ನದಿಗೆ ಇಳಿದು, ಮೊಳಕಾಲುದ್ದ ನೀರಿನಲ್ಲಿ ನಿಂತು ಅರ್ಘ್ಯ ಕೊಡುವಾಗ, ಹುಡುಗಿಯು ದಂಡೆಯ ಮೇಲೆ ಅವರ ಪಂಚೆಯನ್ನೂ ಕನ್ನಡಕವನ್ನೂ ಹಿಡಿದುಕೊಂಡು ನಿಂತಿದ್ದಳು.